ಸಫಾರಿಗೆ ಹೊರಡುವ ಮುಂಚೆ: ಆಫ್ರಿಕಾದ ಪಾಠ, ಮಂಡಗದ್ದೆಯ ಲೆಕ್ಕ



'ಸಫಾರಿ' ಎಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗುವುದು ಶಿವಮೊಗ್ಗದ ತ್ಯಾವರೆಕೊಪ್ಪ. ಟಿ.ವಿ. ನೋಡುವವರಿಗೆ ಆಫ್ರಿಕಾ. ಈ ಶಬ್ದ ಆಫ್ರಿಕಾದ ಸ್ವಾಹಿಲಿ ಭಾಷೆಯದು. ಅದರ ಅರ್ಥ 'ಪ್ರಯಾಣ' ಅಂತ, ಅಷ್ಟೇ. ಪ್ರಯಾಣ ಅಂದಮೇಲೆ ತಯಾರಿ ಬೇಕು. ಪ್ರಾಣಿ ನೋಡುವ ಪ್ರಯಾಣಕ್ಕೆ ಯಾವ ತಿಂಗಳು, ಯಾವ ಹೊತ್ತು, ಎಷ್ಟು ಖರ್ಚು, ಏನು ಎಚ್ಚರಿಕೆ ಎಂಬುದನ್ನು ಈ ಲೇಖನದಲ್ಲಿ ತಿಳಿಯೋಣ. ಮೊದಲು ದಕ್ಷಿಣ ಆಫ್ರಿಕಾದ ಕಡೆಯವರು ಹೇಗೆ ಲೆಕ್ಕ ಹಾಕುತ್ತಾರೆ ನೋಡೋಣ. ಆಮೇಲೆ ಅದೇ ಲೆಕ್ಕವನ್ನು ಅರಳಸುರಳಿಯಿಂದ ಹೊರಡುವ ಒಂದು ದಿನದ ಪ್ರವಾಸಕ್ಕೆ ಹಾಕೋಣ.

೧. ಆಫ್ರಿಕಾದಲ್ಲಿ ಹೇಗೆ?

ದಕ್ಷಿಣ ಆಫ್ರಿಕಾ ದೇಶದಲ್ಲಿ ಕ್ರೂಗರ್ ರಾಷ್ಟ್ರೀಯ ಉದ್ಯಾನ ಇದೆ. 1926ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಅದರ ವಿಸ್ತೀರ್ಣ ಸುಮಾರು 19,500 ಚದರ ಕಿ.ಮೀ. ನಮ್ಮ ಶಿವಮೊಗ್ಗ ಜಿಲ್ಲೆ ಇಡೀ ಸೇರಿದರೂ ಸುಮಾರು 8,500 ಚದರ ಕಿ.ಮೀ. ಅಂದರೆ ನಮ್ಮ ಜಿಲ್ಲೆಯಂಥ ಎರಡು ಜಿಲ್ಲೆ ಅದರೊಳಗೆ ಹಿಡಿಸಿ ಇನ್ನೂ ಜಾಗ ಉಳಿಯುತ್ತದೆ! ಇಷ್ಟು ದೊಡ್ಡ ಕಾಡಿನಲ್ಲಿ ಸಿಂಹ ಎಲ್ಲಿದೆ ಅಂತ ಹುಡುಕುವುದು ಹೇಗೆ?

ಹುಡುಕುವುದಲ್ಲ, ನೀರಿನ ಹತ್ತಿರ ಕಾಯುವುದು. ಭೂಮಧ್ಯರೇಖೆಯ ಕೆಳಗಿರುವುದರಿಂದ ಅಲ್ಲಿ ಜೂನ್, ಜುಲೈ, ಆಗಸ್ಟ್ ಚಳಿಗಾಲ. ನಮ್ಮಲ್ಲಿ ಮಳೆ ಹೊಯ್ಯುವಾಗ ಅಲ್ಲಿ ಒಣ ಹವೆ. ಸಣ್ಣ ಹಳ್ಳ, ಗುಂಡಿಗಳೆಲ್ಲ ಬತ್ತುತ್ತವೆ. ಹುಲ್ಲು ಒಣಗಿ ಕುಳ್ಳಾಗುತ್ತದೆ, ಗಿಡದ ಎಲೆ ಉದುರುತ್ತದೆ. ಉಳಿದ ಕೆಲವೇ ನೀರಿನ ತಾಣಗಳಿಗೆ ಆನೆ, ಜೀಬ್ರಾ, ಜಿರಾಫೆ ಎಲ್ಲವೂ ಬರಲೇಬೇಕು. ಅವುಗಳ ಹಿಂದೆ ಸಿಂಹವೂ ಬರುತ್ತದೆ. ಆದ್ದರಿಂದ ಪ್ರಾಣಿ ನೋಡಬೇಕೆನ್ನುವವರು ಸಾಮಾನ್ಯವಾಗಿ ಮೇ ತಿಂಗಳಿಂದ ಸೆಪ್ಟೆಂಬರ್ ಒಳಗೆ ಹೋಗುತ್ತಾರೆ. ಮಳೆಗಾಲದಲ್ಲಿ ಹೋದರೆ ಎಲ್ಲ ಕಡೆ ನೀರು, ಎತ್ತರದ ಹುಲ್ಲು. ಪ್ರಾಣಿ ಅಲ್ಲೇ ಇದ್ದರೂ ಕಣ್ಣಿಗೆ ಬೀಳೋದು ಕಷ್ಟ. ಮಳೆ ತಿಂಗಳುಗಳಲ್ಲಿ ಕ್ರೂಗರ್ ಕಡೆ ಸೊಳ್ಳೆಯಿಂದ ಮಲೇರಿಯಾ ಭಯವೂ ಹೆಚ್ಚು.

ಪಕ್ಕದ ಬೋಟ್ಸ್ವಾನಾ ದೇಶದ ಒಕವಾಂಗೊ ನದಿಯದು ಇನ್ನೊಂದು ಸೋಜಿಗ. ಮಳೆ ಬೀಳುವುದು ದೂರದ ಅಂಗೋಲಾ ದೇಶದ ಎತ್ತರದ ಸೀಮೆಯಲ್ಲಿ. ಆ ನೀರು ನಿಧಾನವಾಗಿ ಹರಿದು ಬೋಟ್ಸ್ವಾನಾದ ಬಯಲಿಗೆ ಬರಲು ತಿಂಗಳುಗಳೇ ಹಿಡಿಯುತ್ತವೆ. ಬರುವ ಹೊತ್ತಿಗೆ ಅಲ್ಲಿ ಒಣಗಾಲ. ಆಕಾಶದಲ್ಲಿ ಒಂದು ಮೋಡ ಇಲ್ಲ, ನೆಲದಲ್ಲಿ ನೆರೆ! ಆ ನೀರಿಗೆ ಪ್ರಾಣಿಗಳು ಸೇರುತ್ತವೆ.

ಕ್ರೂಗರ್‌ನಲ್ಲಿ ನಿಯಮಗಳೂ ಬಿಗಿ. ಸ್ವಂತ ಕಾರಿನಲ್ಲಿ ಹೋಗಬಹುದು, ಆದರೆ ಗುರುತು ಮಾಡಿದ ಜಾಗ ಬಿಟ್ಟು ಬೇರೆಲ್ಲೂ ಕೆಳಗೆ ಇಳಿಯುವಂತಿಲ್ಲ. ಡಾಂಬರು ರಸ್ತೆಯಲ್ಲೂ ಗಂಟೆಗೆ 50 ಕಿ.ಮೀ. ಮೀರುವಂತಿಲ್ಲ. ಕತ್ತಲಾಗುವ ಹೊತ್ತಿಗೆ ಗೇಟು ಹಾಕುತ್ತಾರೆ.

ಇದರಿಂದ ನಾವು ಕಲಿಯುವುದೇನು? ನಮಗೆ ರಜೆ ಯಾವಾಗ ಅಂತ ಪ್ರಾಣಿಗೆ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ನೀರು ಮತ್ತು ಹೊತ್ತು. ನಾವೇ ಅದರ ಪಂಚಾಂಗ ನೋಡಬೇಕು.

೨. ನಮ್ಮ ಕಡೆ ಏನೇನಿದೆ?

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗುವ ದಾರಿಯಲ್ಲೇ ಎರಡು ಜಾಗ ಸಿಗುತ್ತವೆ. ಶಿವಮೊಗ್ಗ ದಾಟಿದರೆ ಮೂರನೆಯದು.

ಮಂಡಗದ್ದೆ: ಇದು ಹೆಚ್ಚುಕಡಿಮೆ ತೀರ್ಥಹಳ್ಳಿಗೂ ಶಿವಮೊಗ್ಗಕ್ಕೂ ನಡುವೆ ಇದೆ. ತುಂಗಾ ಹೊಳೆಯ ನಡುವೆ ಸುಮಾರು ಒಂದು ಎಕರೆಯ ನಡುಗಡ್ಡೆ. ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಅಲ್ಲಿನ ಮರಗಳಲ್ಲಿ ಗೂಡು ಕಟ್ಟಿ ಮರಿ ಮಾಡುತ್ತವೆ. ಸುತ್ತ ಹೊಳೆ ತುಂಬಿರುವುದರಿಂದ ಬೆಕ್ಕು, ನಾಯಿ, ಮನುಷ್ಯ ಯಾರೂ ಹತ್ತಿರ ಹೋಗಲಾರರು. ನೀರೇ ಬೇಲಿ! ಆಫ್ರಿಕಾದಲ್ಲಿ ನೀರು ಕಡಿಮೆಯಾದಾಗ ಪ್ರಾಣಿ ಸೇರುತ್ತದೆ, ಮಂಡಗದ್ದೆಯಲ್ಲಿ ನೀರು ಹೆಚ್ಚಾದಾಗ ಹಕ್ಕಿ ಸೇರುತ್ತದೆ. ಕಾಲ ತಿರುಗುಮುರುಗು, ಸೂತ್ರ ಒಂದೇ.

ಸಕ್ರೆಬೈಲು: ಗಾಜನೂರಿನ ಹತ್ತಿರ ತುಂಗಾ ಹಿನ್ನೀರಿನ ದಡದಲ್ಲಿ ಅರಣ್ಯ ಇಲಾಖೆಯ ಆನೆ ಬಿಡಾರ ಇದೆ. ಇವು ಪಳಗಿದ ಆನೆಗಳು. ಮೇಯಲು ಕಾಡಿಗೆ ಬಿಡುತ್ತಾರೆ. ಬೆಳಿಗ್ಗೆ ಮಾವುತರು, ಕಾವಾಡಿಗಳು ಹುಡುಕಿ ಕರೆತಂದು ಹೊಳೆಯಲ್ಲಿ ಮೈ ತೊಳೆಸಿ ಆಹಾರ ಕೊಡುತ್ತಾರೆ. ಹನ್ನೊಂದು ಗಂಟೆ ದಾಟಿದ ಮೇಲೆ ಹೋದರೆ ಬರೀ ಹೊಳೆ ನೋಡಿ ಬರಬೇಕಾದೀತು.

ತ್ಯಾವರೆಕೊಪ್ಪ: ಸಾಗರ ರಸ್ತೆಯಲ್ಲಿ, ಶಿವಮೊಗ್ಗದಿಂದ ಸುಮಾರು 10 ಕಿ.ಮೀ. 1988ರಲ್ಲಿ ಆರಂಭವಾದ ಹುಲಿ ಮತ್ತು ಸಿಂಹಧಾಮ. ಇಲ್ಲಿ ಒಂದು ಮಾತು ನೆನಪಿಡಬೇಕು. ಅಲ್ಲಿನ ಹುಲಿ, ಸಿಂಹ ಬೇಲಿಯೊಳಗೆ ಸಾಕಿದವು. ಕರ್ನಾಟಕದ ಕಾಡಿನಲ್ಲಿ ಹುಲಿ ಇದೆ, ಸಿಂಹ ಇಲ್ಲ. ಏಷ್ಯಾದಲ್ಲಿ ಸಿಂಹ ಸ್ವತಂತ್ರವಾಗಿ ಓಡಾಡಿಕೊಂಡಿರುವುದು ಗುಜರಾತಿನ ಗಿರ್ ಸೀಮೆಯಲ್ಲಿ ಮಾತ್ರ.

೩. ಯಾವ ತಿಂಗಳು?

ಶಾಲೆಗಳ ಪ್ರವಾಸ ಹೆಚ್ಚಾಗಿ ಡಿಸೆಂಬರ್, ಜನವರಿಯಲ್ಲಿ. ಆಗ ಮಂಡಗದ್ದೆಗೆ ಹೋದರೆ ಮರ ಇರುತ್ತದೆ, ಗೂಡು ಖಾಲಿ. ಅಲ್ಲದೆ ಡಿಸೆಂಬರ್‌ನಿಂದ ಮೇವರೆಗೆ ನಮ್ಮ ಮಲೆನಾಡಿನಲ್ಲಿ ಉಣುಗಿನ ಕಾಲ. ಮಂಗನ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ, ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಆಫ್ರಿಕಾದವರು ಮಲೇರಿಯಾ ತಿಂಗಳನ್ನು ಲೆಕ್ಕಕ್ಕೆ ಹಿಡಿದ ಹಾಗೆ ನಾವು ಉಣುಗಿನ ತಿಂಗಳನ್ನು ಲೆಕ್ಕಕ್ಕೆ ಹಿಡಿಯಬೇಕು. ಆ ಕಾಲದಲ್ಲಿ ಕಾಡಿಗೆ ಹೋಗಲೇಬೇಕಾದವರು ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆ ಹಚ್ಚಿ, ಮೈ ಮುಚ್ಚುವ ಬಟ್ಟೆ ಹಾಕಿ ಹೋಗಬೇಕು. ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಬೇಕು. ಸತ್ತ ಮಂಗ ಕಂಡರೆ ಮುಟ್ಟದೆ ಆಸ್ಪತ್ರೆಯವರಿಗೆ ತಿಳಿಸಬೇಕು.

ಜುಲೈನಲ್ಲಿ ಹೋಗಬಹುದಲ್ಲ ಎಂದು ನೀವು ಕೇಳಬಹುದು. ಆಗ ಹಕ್ಕಿ ಇವೆ. ಆದರೆ ನಮ್ಮ ಕಡೆಯ ಜಡಿಮಳೆ ನಿಮಗೆ ಗೊತ್ತೇ ಇದೆ. ಜೊತೆಗೆ ರಸ್ತೆಗೆ ಮರ ಬೀಳೋದು, ಕಾಲಿಗೆ ಉಂಬಳ ಹತ್ತೋದು ಬೇರೆ. ಅಕ್ಟೋಬರ್‌ನಲ್ಲಿ? ನವರಾತ್ರಿ ಸಮಯದಲ್ಲಿ ಸಕ್ರೆಬೈಲಿನ ಆನೆಗಳು ಶಿವಮೊಗ್ಗದ ದಸರಾ ಮೆರವಣಿಗೆಗೆ ಹೋಗುತ್ತವೆ. ಎಲ್ಲ ಕೂಡಿ ಕಳೆದು ನೋಡಿದರೆ ಸೆಪ್ಟೆಂಬರ್ ಎರಡನೇ, ಮೂರನೇ ವಾರ ಒಳ್ಳೆಯದು. ಮಳೆ ಕಡಿಮೆ, ಮರಿಹಕ್ಕಿ ಇರುತ್ತವೆ, ಉಣುಗಿನ ಕಾಲ ಬಂದಿಲ್ಲ. ಗಾಳಿ ಬಂದಾಗ ತೂರಿಕೊಳ್ಳಬೇಕು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

೪. ಯಾವ ಹೊತ್ತಿಗೆ ಎಲ್ಲಿ?

ಮಂಡಗದ್ದೆ ಮೊದಲು ಸಿಗುತ್ತದೆ ಅಂತ ಅಲ್ಲೇ ಇಳಿದರೆ ಆನೆ ತಪ್ಪುತ್ತದೆ. ಆದ್ದರಿಂದ ಹೀಗೆ ಮಾಡಬೇಕು:

ಬೆಳಿಗ್ಗೆ 6-30: ಊರಿನಿಂದ ಹೊರಡುವುದು. ಮಂಡಗದ್ದೆಯಲ್ಲಿ ನಿಲ್ಲಿಸುವುದಿಲ್ಲ.
8-30ರಿಂದ 10-30: ಸಕ್ರೆಬೈಲು. ಆನೆ ಸ್ನಾನ ನೋಡುವುದು, ಮಾವುತರ ಹತ್ತಿರ ಪ್ರಶ್ನೆ ಕೇಳುವುದು.
11-30ರಿಂದ 3-00: ತ್ಯಾವರೆಕೊಪ್ಪ, ಬುತ್ತಿ ಊಟ. ಮಧ್ಯಾಹ್ನ ಹುಲಿ, ಸಿಂಹ ನೆರಳಲ್ಲಿ ಮಲಗಿರಬಹುದು, ಬೇಸರ ಬೇಡ. ವಾರಕ್ಕೊಂದು ದಿನ ಅಲ್ಲಿ ರಜೆ, ಮೊದಲೇ ಕೇಳಿಕೊಳ್ಳಬೇಕು.
4-30ರಿಂದ 6-00: ಮಂಡಗದ್ದೆ. ಗದ್ದೆ, ಕೆರೆಗಳಿಗೆ ಮೇಯಲು ಹೋದ ಹಕ್ಕಿಗಳು ಸಾಲುಸಾಲಾಗಿ ಮರಳುವ ಹೊತ್ತು. ಇಡೀ ದಿನದಲ್ಲಿ ನಿಜವಾಗಿ ಸ್ವತಂತ್ರವಾದ ಜೀವಿಗಳನ್ನು ನಾವು ನೋಡುವುದು ಇಲ್ಲೇ.
ರಾತ್ರಿ 8-00ರ ಒಳಗೆ: ಮನೆ.

೫. ಖರ್ಚಿನ ಲೆಕ್ಕ

ಇದು ಮುಖ್ಯವಾದ ವಿಷಯ. ಸೆಪ್ಟೆಂಬರ್‌ನಲ್ಲಿ ನಮ್ಮೂರ ಮನೆಗಳಲ್ಲಿ ಕೈ ಬಿಗಿ. ಅಡಿಕೆ ಕೊಯ್ಲು ಇನ್ನೂ ಆಗಿರುವುದಿಲ್ಲ. ಕೂಲಿಗೆ ಹೋಗುವವರಿಗೆ ಮಳೆಗಾಲದಲ್ಲಿ ದಿನಾ ಕೆಲಸ ಸಿಗೋದಿಲ್ಲ. ಪ್ರವಾಸಕ್ಕೆ ಹೆಸರು ಕೊಡಿ ಎಂದಾಗ "ನಂಗೆ ಬಸ್ಸಲ್ಲಿ ವಾಂತಿ ಬರ್ತದೆ, ನಾ ಬರಲ್ಲ" ಅನ್ನುವ ಎಲ್ಲರಿಗೂ ವಾಂತಿಯೇ ಬರುವುದಲ್ಲ, ಕೆಲವರ ಮನೆಯಲ್ಲಿ ದುಡ್ಡಿರುವುದಿಲ್ಲ. ಹಾಗೆ ಯಾರೂ ಉಳಿಯಬಾರದು.

ಅದಕ್ಕೆ ಎರಡು ಉಪಾಯ. ಒಂದು: ಜೂನ್ ಮೊದಲ ವಾರದಿಂದಲೇ ವಾರಕ್ಕೆ 20 ರೂಪಾಯಿಯಂತೆ ತರಗತಿಯ ಡಬ್ಬಿಗೆ ಹಾಕುವುದು. 15 ವಾರಕ್ಕೆ 300 ರೂಪಾಯಿ ಆಗುತ್ತದೆ. ಯಾರು ಎಷ್ಟು ಹಾಕಿದರು ಅಂತ ಗೋಡೆಗೆ ಬರೆಯಬಾರದು, ಟೀಚರ್ ಹತ್ತಿರ ಇದ್ದರೆ ಸಾಕು. ಎರಡು: ವಾಹನದ ಬಾಡಿಗೆ, ಪ್ರವೇಶ ಶುಲ್ಕ ಕೂಡಿಸಿ ತಲೆಗೆ ಹಂಚಿದಾಗ 300 ಮೀರಿದರೆ ತ್ಯಾವರೆಕೊಪ್ಪ ಬಿಡುವುದು. ಉಳಿದ ಎರಡೂ ಜಾಗ ಒಂದೇ ರಸ್ತೆಯಲ್ಲಿವೆ, ಲೈನ್ ಬಸ್ಸಲ್ಲೇ ಹೋಗಿ ಬರಬಹುದು. ಹತ್ತು ಜನ ಮೂರು ಜಾಗ ನೋಡುವುದಕ್ಕಿಂತ ಎಲ್ಲರೂ ಎರಡು ಜಾಗ ನೋಡುವುದು ಮೇಲು ಎಂದು ನನ್ನ ಅಭಿಪ್ರಾಯ. ಗುರುಗಳು ಯೋಚಿಸಬೇಕಾಗಿ ವಿನಂತಿ.

೬. ನೆನಪಿಡಬೇಕಾದವು

* ಕೆಂಪು, ಹೊಳೆಯುವ ಬಟ್ಟೆಗಿಂತ ಮಾಸಲು ಬಣ್ಣದ ಬಟ್ಟೆ ಲೇಸು. ಕೊಡೆ ಮರೆಯಬೇಡಿ.
* ಆನೆ ಪಳಗಿದ್ದಾದರೂ ಆನೆಯೇ. ಮಾವುತರು ಕರೆಯದೆ ಹತ್ತಿರ ಹೋಗಬಾರದು.
* ಮಂಡಗದ್ದೆಯಲ್ಲಿ ಹೊಳೆಗೆ ಇಳಿಯಲೇಬಾರದು. ಕೂಗುವುದು, ಕಲ್ಲು ಎಸೆಯುವುದು ಬೇಡ. ಹೆದರಿದ ತಾಯಿಹಕ್ಕಿ ಎದ್ದರೆ ಮರಿ ಗೂಡಿನಿಂದ ಬೀಳಬಹುದು.
* ಮಂಗಗಳಿಗೆ ತಿಂಡಿ ಕೊಡಬೇಡಿ. ಬುತ್ತಿಯ ಪ್ಲಾಸ್ಟಿಕ್ ಮನೆಗೇ ವಾಪಸ್ ತನ್ನಿ.
* ಒಂದು ನೋಟ್‌ಬುಕ್ ಇರಲಿ. ಕಂಡದ್ದನ್ನು ಹೊತ್ತಿನ ಸಮೇತ ಬರೆಯಿರಿ.

ನಿಮಗೆ ಗೊತ್ತೇ?

ಭಾರತದಲ್ಲಿ ಚೀತಾ ಅಳಿದುಹೋಗಿದೆ ಎಂದು ಸರ್ಕಾರ ಹೇಳಿದ್ದು 1952ರಲ್ಲಿ. ಎಪ್ಪತ್ತು ವರ್ಷದ ಮೇಲೆ, 2022ರ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ 8 ಚೀತಾಗಳನ್ನು ಮಧ್ಯಪ್ರದೇಶದ ಕುನೋ ಕಾಡಿಗೆ ತಂದರು. 2023ರ ಫೆಬ್ರವರಿಯಲ್ಲಿ ದಕ್ಷಿಣ ಆಫ್ರಿಕಾದಿಂದ ಇನ್ನೂ 12 ಬಂದವು. ಕಳೆದುಕೊಂಡದ್ದನ್ನು ತರಲು ಸಮುದ್ರ ದಾಟಿ ಹೋಗಬೇಕಾಯಿತು. ಮಂಡಗದ್ದೆಯ ಬೆಳ್ಳಕ್ಕಿಗೆ ಹಾಗಾಗದಿರಲಿ.

ಉತ್ತರಿಸಿರಿ

೧. ಆಫ್ರಿಕಾದಲ್ಲಿ ಒಣಗಾಲ, ಮಂಡಗದ್ದೆಯಲ್ಲಿ ಮಳೆಗಾಲ ಒಳ್ಳೆಯದು ಏಕೆ?
೨. ಸಕ್ರೆಬೈಲಿಗೆ ಮೊದಲು, ಮಂಡಗದ್ದೆಗೆ ಕೊನೆಗೆ ಹೋಗಬೇಕು ಏಕೆ?
೩. 40 ಮಕ್ಕಳು ವಾರಕ್ಕೆ 20 ರೂ.ನಂತೆ 15 ವಾರ ಕೂಡಿಟ್ಟರೆ ಒಟ್ಟು ಎಷ್ಟು?

ಉತ್ತರ ಬರೆದು ಟೀಚರ್ ಮೇಜಿನ ಮೇಲಿಡಿ. ಸರಿಯುತ್ತರ ಕೊಟ್ಟವರ ಹೆಸರು ಮುಂದಿನ ಸಂಚಿಕೆಯಲ್ಲಿ.