ಹಲಾಲ್ ಕೇಳಿದಿರಿ, ಅನ್ನ ಯಾವಾಗಿನದು ಎಂದು ಕೇಳಿದಿರಾ?

ಶನಿವಾರ ಸಂಜೆ ಮಗ್ರಿಬ್ ನಮಾಝ್ ಮುಗಿಯುವಷ್ಟರಲ್ಲಿ ಮಕ್ಕಳ ಬೇಡಿಕೆ ಶುರುವಾಗಿರುತ್ತದೆ. "ಅಬ್ಬಾ, ಇವತ್ತು ಹೊರಗೆ ಊಟ." ಮೊದಲೆಲ್ಲ ಹೊರಗಿನ ಊಟವೆಂದರೆ ಬಿರಿಯಾನಿ, ಪರೋಟ, ಕಬಾಬ್. ಈಗ ಬೆಂಗಳೂರಿನಂಥ ನಗರದಲ್ಲಿ ಬೀದಿಗೊಂದು ಚೈನೀಸ್ ಹೋಟೆಲ್, ಮೂಲೆಗೊಂದು ಮೊಮೊ ಗಾಡಿ. ಟಿಬೆಟಿನ ತುಕ್ಪಾ, ಥಾಯ್ ಕರಿ, ಕೊರಿಯಾದ ರಾಮೆನ್ ಕೂಡ ಮಕ್ಕಳ ಬಾಯಲ್ಲಿ ಸಲೀಸಾಗಿ ಬರುವ ಹೆಸರುಗಳಾಗಿವೆ.

ಇಂಥ ಹೋಟೆಲಿಗೆ ಹೋದಾಗ ನಾವು ತಪ್ಪದೆ ಒಂದು ಪ್ರಶ್ನೆ ಕೇಳುತ್ತೇವೆ: "ಭಾಯ್, ಹಲಾಲ್ ಇದೆಯಾ?" ಕೇಳಲೇಬೇಕಾದ ಪ್ರಶ್ನೆ ಅದು. ಆದರೆ 'ಹೌದು' ಎಂಬ ಉತ್ತರ ಸಿಕ್ಕ ಕೂಡಲೇ ನಮ್ಮ ವಿಚಾರಣೆ ಮುಗಿದುಹೋಗುತ್ತದೆ. ಆಹಾರ ಹಲಾಲ್ ಆಗಿರಬೇಕು, ಅದರ ಜೊತೆಗೆ ತಯ್ಯಿಬ್, ಅಂದರೆ ಶುದ್ಧವೂ ಉತ್ತಮವೂ ಆಗಿರಬೇಕು ಎಂಬುದು ನಮಗೆಲ್ಲ ಗೊತ್ತಿರುವ ಮಾತು. ಈ ಎರಡನೆಯದನ್ನು ನಾವು ಮರೆಯುವುದು ಎಲ್ಲಿ? ನಮ್ಮ ಮನೆಯಲ್ಲೇ ನಡೆದ ಒಂದು ಘಟನೆಯಿಂದ ಶುರುಮಾಡುತ್ತೇನೆ.

ಎರಡು ವರ್ಷದ ಹಿಂದೆ ತಂಗಿ ತನ್ನ ಐದು ವರ್ಷದ ಮಗನನ್ನು ಕರೆದುಕೊಂಡು ಊರಿನಿಂದ ಬಂದಿದ್ದಳು. ಮಧ್ಯಾಹ್ನ ಎಲ್ಲರೂ ಒಂದು ಚೈನೀಸ್ ಹೋಟೆಲಿನಲ್ಲಿ ಊಟ ಮಾಡಿದೆವು. ಹುಡುಗ ದಾರಿಯಲ್ಲೇ ನಿದ್ದೆಹೋಗಿದ್ದರಿಂದ ಅವನಿಗೆಂದು ಎರಡು ಪ್ಲೇಟ್ ಫ್ರೈಡ್ ರೈಸ್ ಪಾರ್ಸೆಲ್ ಕಟ್ಟಿಸಿದೆವು. ಅಲ್ಲಿಂದ ಖಾಲಾ ಮನೆಗೆ ಹೋದೆವು. ಹುಡುಗ ಅಲ್ಲೇ ಊಟ ಮಾಡಿದ. ಪಾರ್ಸೆಲ್ ಮಾತ್ರ ಕಾರಿನಲ್ಲೇ ಉಳಿಯಿತು. ಇಶಾ ಆದ ಮೇಲೆ ಮನೆಗೆ ಬಂದು, ಆ ಅನ್ನವನ್ನು ಬಾಣಲೆಗೆ ಹಾಕಿ ಹೊಗೆಯಾಡುವಷ್ಟು ಬಿಸಿಮಾಡಿ ಹುಡುಗನಿಗೂ ನನ್ನ ಇಬ್ಬರು ಮಕ್ಕಳಿಗೂ ಬಡಿಸಿದೆವು. ಹನ್ನೆರಡು ಗಂಟೆಗೆ ಹುಡುಗನಿಗೆ ವಾಂತಿ ಶುರುವಾಯಿತು. ಸ್ವಲ್ಪ ಹೊತ್ತಿಗೆ ಉಳಿದಿಬ್ಬರಿಗೂ. ಎರಡು ಗಂಟೆಯ ಹೊತ್ತಿಗೆ ಹುಡುಗ ಕಣ್ಣು ಬಿಡಲಾಗದಷ್ಟು ಸೋತಿದ್ದ. ಆಸ್ಪತ್ರೆಯ ತುರ್ತು ವಿಭಾಗಕ್ಕೆ ಎತ್ತಿಕೊಂಡು ಓಡಿದೆವು.

ನನ್ನ ತಮ್ಮ ಬೆಳಗಾಗುತ್ತಲೇ ಹೋಟೆಲಿನವನನ್ನು ವಿಚಾರಿಸಿಕೊಳ್ಳುತ್ತೇನೆ ಎಂದು ಕುದಿಯುತ್ತಿದ್ದ. ಡಾಕ್ಟರ್ ಮಾತ್ರ ಸಮಾಧಾನದಿಂದ ಕೇಳಿದರು: ಯಾರು ಏನು ತಿಂದಿರಿ? ಎಷ್ಟು ಹೊತ್ತಿಗೆ? ಹೋಟೆಲಿನಲ್ಲಿ ಕುಳಿತು ಅದೇ ಫ್ರೈಡ್ ರೈಸ್ ತಿಂದು, ರಾತ್ರಿ ಪಾರ್ಸೆಲ್ ಮುಟ್ಟದ ದೊಡ್ಡವರಿಗೆ ಏನೂ ಆಗಿರಲಿಲ್ಲ. ಕಾರಿನಲ್ಲಿ ಆರೇಳು ಗಂಟೆ ಇದ್ದ ಅನ್ನ ತಿಂದ ಮೂವರೂ ಮಲಗಿದ್ದರು. "ಬಿಸಿಮಾಡಿಯೇ ಕೊಟ್ಟೆನಲ್ಲ ಡಾಕ್ಟ್ರೇ" ಎಂದು ತಂಗಿ ಅತ್ತಳು. "ಅಮ್ಮಾ, ಈ ವಿಷ ಬಿಸಿಗೆ ಹೋಗುವುದಲ್ಲ" ಎಂದರು ಅವರು. ಅಲ್ಲಾಹನ ಕೃಪೆಯಿಂದ ಮರುದಿನ ಸಂಜೆಗೆ ಮಕ್ಕಳು ಚೇತರಿಸಿಕೊಂಡರು. ತಮ್ಮ ಹೋಟೆಲಿಗೆ ಹೋಗಲಿಲ್ಲ.

ಅನ್ನದೊಳಗಿನ ವಿಷ

ಡಾಕ್ಟರ್ ಹೇಳಿದ್ದು 'ಬ್ಯಾಸಿಲಸ್ ಸೀರಿಯಸ್' ಎಂಬ ಬ್ಯಾಕ್ಟೀರಿಯಾದ ಬಗ್ಗೆ. ಇದು ಮಣ್ಣಿನಲ್ಲಿರುತ್ತದೆ, ಅಲ್ಲಿಂದ ಅಕ್ಕಿಗೂ ಬರುತ್ತದೆ. ಇದರ ಬೀಜಾಣುಗಳು ಗಟ್ಟಿ ಕವಚದೊಳಗೆ ಮಲಗಿರುತ್ತವೆ. ಅನ್ನ ಕುದಿಯುವಾಗಲೂ ಅವು ಸಾಯುವುದಿಲ್ಲ. ಬೆಂದ ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಬಿದ್ದಿದ್ದರೆ ಆ ಬೀಜಾಣುಗಳು ಮೊಳೆತು, ಬ್ಯಾಕ್ಟೀರಿಯಾ ಹೆಚ್ಚುತ್ತಾ ಹೋಗಿ ಅನ್ನದಲ್ಲಿ ವಿಷವನ್ನು ಬಿಡುತ್ತದೆ. ಆಮೇಲೆ ಎಷ್ಟೇ ಹುರಿದರೂ ಬ್ಯಾಕ್ಟೀರಿಯಾ ಸತ್ತೀತೇ ಹೊರತು ವಾಂತಿ ಬರಿಸುವ ವಿಷ ಹಾಗೆಯೇ ಉಳಿಯುತ್ತದೆ. ಅದಕ್ಕೆ ವಾಸನೆಯಿಲ್ಲ, ರುಚಿಯೂ ಕೆಡುವುದಿಲ್ಲ. ತಿಂದ 1ರಿಂದ 6 ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. ಇದೇ ಬ್ಯಾಕ್ಟೀರಿಯಾದ ಇನ್ನೊಂದು ಬಗೆಯ ವಿಷದಿಂದ 6ರಿಂದ 15 ಗಂಟೆಯೊಳಗೆ ಹೊಟ್ಟೆನೋವು, ಭೇದಿ ಕಾಣಿಸಿಕೊಳ್ಳುತ್ತದೆ.

1970ರ ದಶಕದ ಆರಂಭದಲ್ಲಿ ಬ್ರಿಟನ್ನಿನಲ್ಲಿ ಫ್ರೈಡ್ ರೈಸ್ ತಿಂದವರಲ್ಲಿ ಇಂಥ ವಾಂತಿಯ ಪ್ರಕರಣಗಳು ಸಾಲಾಗಿ ಕಂಡಾಗ ವೈದ್ಯರು ಈ ಸಂಬಂಧವನ್ನು ಗುರುತಿಸಿದರು. ಫ್ರೈಡ್ ರೈಸೇ ಏಕೆ? ಬಿಸಿ ಅನ್ನ ಬಾಣಲೆಯಲ್ಲಿ ಮುದ್ದೆಯಾಗುತ್ತದೆ. ಉದುರುದುರಾಗಿ ಬರಬೇಕಾದರೆ ಆರಿದ ಅನ್ನವೇ ಬೇಕು. ಹಾಗಾಗಿ ಅನ್ನವನ್ನು ಮುಂಚೆಯೇ ಮಾಡಿಟ್ಟುಕೊಳ್ಳುತ್ತಾರೆ. ತಿಳಿದ ಅಡುಗೆಯವನು ಅದನ್ನು ಅಗಲ ತಟ್ಟೆಗಳಲ್ಲಿ ತೆಳ್ಳಗೆ ಹರಡಿ, ಬೇಗ ಆರಿಸಿ ಫ್ರಿಜ್ಜಿಗೆ ಸೇರಿಸುತ್ತಾನೆ. ತಿಳಿಯದವನು ದೊಡ್ಡ ಪಾತ್ರೆಯಲ್ಲಿ ತುಂಬಿ ಬೆಳಗಿನಿಂದ ರಾತ್ರಿಯವರೆಗೆ ಒಲೆಯ ಪಕ್ಕದಲ್ಲೇ ಇಡುತ್ತಾನೆ. ಪಾತ್ರೆಯ ನಡುವಿನ ಅನ್ನ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ.

"ನಮ್ಮ ಹಿರಿಯರು ತಂಗಳನ್ನ ತಿಂದೇ ಗಟ್ಟಿಯಾಗಿದ್ದರಲ್ಲ" ಎಂದು ನೀವು ಕೇಳಬಹುದು. ನೀರು, ಮಜ್ಜಿಗೆ ಹಾಕಿ ಹುಳಿಗೆ ಬಿಟ್ಟ ಅನ್ನದಲ್ಲಿ ಆ ಹುಳಿಯೇ ಇಂಥ ಬ್ಯಾಕ್ಟೀರಿಯಾಗಳನ್ನು ಬಹುಮಟ್ಟಿಗೆ ಹತ್ತಿಕ್ಕುತ್ತದೆ. ಪ್ಲಾಸ್ಟಿಕ್ ಡಬ್ಬಿಯೊಳಗೆ ಬೆವರುತ್ತಾ ಕುಳಿತ ಎಗ್ ಫ್ರೈಡ್ ರೈಸಿಗೆ ಆ ಕಾವಲಿಲ್ಲ.

ಮೊಮೊ ಬೇಯುವ ಪಾತ್ರೆ

ಮೊಮೊ ಎಣ್ಣೆಯಿಲ್ಲದ ತಿಂಡಿ, ಹಬೆಯಲ್ಲಿ ಬೆಂದದ್ದು ಎಂದು ನಾವು ನೆಮ್ಮದಿಯಿಂದ ತಿನ್ನುತ್ತೇವೆ. ಚೆನ್ನಾಗಿ ಬೆಂದು ಬಿಸಿಬಿಸಿಯಾಗಿದ್ದರೆ ಒಳ್ಳೆಯದೇ. ಆದರೆ ಅದನ್ನು ಬೇಯಿಸುವ ಪಾತ್ರೆಯನ್ನು ಗಮನಿಸಿ. ತೂತುಗಳಿರುವ ನಾಲ್ಕೈದು ತಟ್ಟೆಗಳು ಒಂದರ ಮೇಲೊಂದು ಕೂತಿರುತ್ತವೆ. ಮೇಲಿನ ತಟ್ಟೆಯ ರಸ, ಕೊಬ್ಬು ಕೆಳಗಿನ ತಟ್ಟೆಗೆ ತೊಟ್ಟಿಕ್ಕುತ್ತದೆ. ಹಂದಿಮಾಂಸದ ಮೊಮೊ ಮಾರುವ ಅಂಗಡಿಯಲ್ಲಿ ಅದೂ ಚಿಕನ್ ಮೊಮೊವೂ ಒಂದೇ ಪಾತ್ರೆಯಲ್ಲಿ ಬೇಯುತ್ತಿದ್ದರೆ 'ಚಿಕನ್ ಹಲಾಲ್' ಎಂಬ ಉತ್ತರದಿಂದ ನಿಮಗೆ ಏನು ಸಿಕ್ಕಿತು? ವೆಜ್ ಮೊಮೊ ಕೇಳಿದವರ ಪಾಡೂ ಅದೇ. ಇಲ್ಲಿ ಹಲಾಲಿನ ಪ್ರಶ್ನೆ ಮತ್ತು ಆರೋಗ್ಯದ ಪ್ರಶ್ನೆ ಎರಡೂ ಒಂದೇ: ಪಾತ್ರೆ, ಹಲಗೆ, ಚಾಕು, ಎಣ್ಣೆ ಬೇರೆ ಬೇರೆಯೇ? ಹಸಿ ಕೋಳಿ ಕತ್ತರಿಸಿದ ಹಲಗೆಯ ಮೇಲೆ ತೊಳೆಯದೆ ಈರುಳ್ಳಿ, ಕೋಸು ಹೆಚ್ಚಿದರೆ ಕೋಳಿಯಲ್ಲಿದ್ದ ಸಾಲ್ಮೊನೆಲ್ಲಾ ತರಕಾರಿಗೆ ಬರುತ್ತದೆ. ಆ ತರಕಾರಿಯನ್ನು ಯಾರೂ ಬೇಯಿಸುವುದಿಲ್ಲ.

ಜಪಾನ್, ಚೀನಾ, ಕೊರಿಯಾದ ಅಡುಗೆಗಳಲ್ಲಿ ಇನ್ನೊಂದನ್ನೂ ಕೇಳಿ ತಿಳಿಯಿರಿ. 'ಮಿರಿನ್' ಎಂಬುದು ಅಕ್ಕಿಯಿಂದ ಮಾಡಿದ ಸಿಹಿ ಮದ್ಯ. ಚೀನೀ ಅಡುಗೆಯಲ್ಲಿ ಮಾಂಸ ನೆನೆಸಲು ಅಕ್ಕಿಯ ವೈನ್ ಬಳಸುವುದುಂಟು. ರಾಮೆನ್ ಸಾರನ್ನು ಹಲವೆಡೆ ಹಂದಿಯ ಮೂಳೆಯಿಂದ ಕುದಿಸುತ್ತಾರೆ. ಮೇಲೆ ಹಾಕುವ ಮಾಂಸ ಚಿಕನ್ ಆಗಿದ್ದರೂ ಸಾರು ಬೇರೆಯದಾಗಿರಬಹುದು. ಮನೆಯಲ್ಲಿ ಯಾರಿಗಾದರೂ ಕಡಲೆಕಾಯಿ, ಎಳ್ಳು ಅಥವಾ ಸಿಗಡಿಯ ಅಲರ್ಜಿ ಇದ್ದರೆ ಥಾಯ್ ಅಡುಗೆಯಲ್ಲಿ ಹೆಚ್ಚು ಎಚ್ಚರ ಬೇಕು. ಕಡಲೆಕಾಯಿ ಪುಡಿಯೂ ಸಿಗಡಿಯ ಪೇಸ್ಟೂ ಅಲ್ಲಿ ಸಾಮಾನ್ಯ.

ಕಣ್ಣಿಗೆ ಕಾಣುವ ಕೆಂಪು, ಕಾಣದ ಉಪ್ಪು

2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣದ ಬಳಕೆಯನ್ನು ನಿಷೇಧಿಸಿತು. ಆಗ ಪರೀಕ್ಷಿಸಿದ 171 ಗೋಬಿ ಮಂಚೂರಿ ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಬಣ್ಣಗಳು ಸಿಕ್ಕಿದ್ದವು. ಬಾಂಬೆ ಮಿಠಾಯಿಯಲ್ಲಿ ಬಟ್ಟೆಗೆ ಹಾಕುವ ರೋಡಮೈನ್-ಬಿ ಎಂಬ ಬಣ್ಣವೂ ಪತ್ತೆಯಾಯಿತು. ಅದೇ ವರ್ಷ ಜೂನ್‌ನಲ್ಲಿ ಕಬಾಬಿಗೂ ಈ ನಿಷೇಧ ಬಂತು. ಮೆಣಸಿನ ಪುಡಿಯಿಂದ ಬಂದ ಕೆಂಪು ಮಾಸಲಾಗಿರುತ್ತದೆ. ಬೆರಳಿಗೆ ಹತ್ತಿ ತೊಳೆದರೂ ಹೋಗದ, ಹೊಳೆಯುವ ಕೆಂಪು ಕಂಡರೆ ಆ ತಟ್ಟೆಯನ್ನು ಮಕ್ಕಳಿಂದ ದೂರವಿಡಿ.

ನಾವು ಹೆಚ್ಚು ಹೆದರುವುದು ಅಜಿನೊಮೊಟೊಗೆ. 1908ರಲ್ಲಿ ಜಪಾನಿನ ವಿಜ್ಞಾನಿ ಕಿಕುನೆ ಇಕೆಡಾ ಕಡಲಪಾಚಿಯಿಂದ ಬೇರ್ಪಡಿಸಿದ ರುಚಿಯೇ ಅದರ ಮೂಲ. ಅಡುಗೆಯಲ್ಲಿ ಬಳಸುವ ಸಾಮಾನ್ಯ ಪ್ರಮಾಣದಲ್ಲಿ ಅದು ಹೆಚ್ಚಿನವರಿಗೆ ಹಾನಿ ಮಾಡುವುದಿಲ್ಲ. ನಿಜವಾಗಿ ಲೆಕ್ಕವಿಡಬೇಕಾದದ್ದು ಉಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರೊಬ್ಬರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕು. ಒಂದು ದೊಡ್ಡ ಚಮಚ ಸೋಯಾ ಸಾಸಿನಲ್ಲೇ ಸುಮಾರು 2 ಗ್ರಾಮಿಗಿಂತ ಹೆಚ್ಚು ಉಪ್ಪಿರುತ್ತದೆ. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವ ಅಬ್ಬಾ, ಅಮ್ಮಿ ನಿಮ್ಮ ಜೊತೆಗಿದ್ದರೆ "ಸಾಸ್ ಕಡಿಮೆ ಹಾಕಿ" ಎಂದು ಮೊದಲೇ ಹೇಳಿ. ಮೇಜಿನ ಮೇಲಿನ ಬಾಟಲಿಯನ್ನು ಅತ್ತ ಸರಿಸಿ.

ಹೋಟೆಲಿನಲ್ಲಿ ಕುಳಿತುಕೊಳ್ಳುವ ಮುನ್ನ

* ಗೋಡೆಯ ಮೇಲೆ ಎಫ್‌ಎಸ್‌ಎಸ್‌ಎಐ ಪರವಾನಗಿಯ 14 ಅಂಕಿಗಳ ಸಂಖ್ಯೆ ಇದೆಯೇ ನೋಡಿ. 2022ರ ಜನವರಿಯಿಂದ ಅದು ಬಿಲ್ಲಿನಲ್ಲೂ ಇರಬೇಕು. ಗಾಡಿಯವರಿಗೂ ನೋಂದಣಿ ಕಡ್ಡಾಯ.
* ಜನ ಹೆಚ್ಚು ಬರುವ ಹೊತ್ತಿನಲ್ಲಿ ಹೋಗಿ. ಆಗ ಅನ್ನ, ಮಾಂಸ ಬೇಗ ಖಾಲಿಯಾಗಿ ಹೊಸದು ಬರುತ್ತಿರುತ್ತದೆ. ಮುಚ್ಚುವ ಹೊತ್ತಿಗೆ ಹೋದರೆ ಸಿಗುವುದು ಉಳಿದದ್ದು.
* "ಅನ್ನ ಯಾವಾಗ ಮಾಡಿದ್ದು? ಫ್ರಿಜ್ಜಿನಲ್ಲಿದೆಯಾ?" ಎಂದು ನಗುತ್ತಲೇ ಕೇಳಿ. ಒಳ್ಳೆಯ ಅಡುಗೆಯವನು ಬೇಸರಪಡುವುದಿಲ್ಲ.
* ಹಣ ಎಣಿಸಿದ ಕೈಯೇ ನೂಡಲ್ಸ್ ಮುಟ್ಟುತ್ತಿದೆಯೇ? ಕೈ ತೊಳೆಯಲು ಸಾಬೂನು ಇದೆಯೇ? ಗಿರಾಕಿಗೆ ಸಾಬೂನಿಲ್ಲದ ಕಡೆ ಅಡುಗೆಯವನಿಗೂ ಇರುವ ಭರವಸೆಯಿಲ್ಲ.
* ಮೇಯನೇಸ್ ಹಸಿ ಮೊಟ್ಟೆಯದೇ ಕೇಳಿ. ವಿಷಾಹಾರದ ಪ್ರಕರಣಗಳ ನಂತರ 2023ರಲ್ಲಿ ಕೇರಳ, 2024ರಲ್ಲಿ ತೆಲಂಗಾಣ ಹಸಿ ಮೊಟ್ಟೆಯ ಮೇಯನೇಸನ್ನು ನಿಷೇಧಿಸಿದವು. ಗರ್ಭಿಣಿಯರು ಮತ್ತು ಚಿಕ್ಕ ಮಕ್ಕಳಿಗೆ ಅದು ಬೇಡವೇ ಬೇಡ.
* ಕೋಳಿಯ ತುಂಡನ್ನು ಮುರಿದು ನೋಡಿ. ಒಳಗೆ ಗುಲಾಬಿ ಬಣ್ಣ ಉಳಿದಿದ್ದರೆ ಹಿಂದಕ್ಕೆ ಕೊಡಿ.

ಪಾರ್ಸೆಲ್ ನಿಮ್ಮ ಹೊಣೆ

ಡಬ್ಬಿ ನಿಮ್ಮ ಕೈಗೆ ಬಂದ ಮೇಲೆ ಗಡಿಯಾರವೂ ನಿಮ್ಮದೇ. 5 ಡಿಗ್ರಿ ಮತ್ತು 60 ಡಿಗ್ರಿ ಸೆಲ್ಸಿಯಸ್ ನಡುವಿನ ಉಷ್ಣತೆಯಲ್ಲಿ ಬ್ಯಾಕ್ಟೀರಿಯಾಗಳು ವೇಗವಾಗಿ ಹೆಚ್ಚುತ್ತವೆ. ಬೆಂದ ಆಹಾರವನ್ನು ಹೊರಗೆ 2 ಗಂಟೆಗಿಂತ ಹೆಚ್ಚು ಇಡಬೇಡಿ. ಬೇಸಿಗೆಯಲ್ಲಿ, ಅದರಲ್ಲೂ ಬಿಸಿಲಲ್ಲಿ ನಿಂತ ಕಾರಿನಲ್ಲಿ 1 ಗಂಟೆಯೂ ಹೆಚ್ಚೇ. ಮನೆಗೆ ಬಂದ ಕೂಡಲೇ ತಿನ್ನಿ. ಉಳಿಯುತ್ತದೆ ಅನ್ನಿಸಿದರೆ ತಿನ್ನುವ ಮೊದಲೇ ಬೇರೆ ತೆಗೆದು, ಅಗಲದ ಡಬ್ಬಿಯಲ್ಲಿ ಹರಡಿ ಫ್ರಿಜ್ಜಿನಲ್ಲಿಡಿ. ಮರುದಿನ ಒಮ್ಮೆ ಮಾತ್ರ ಚೆನ್ನಾಗಿ ಬಿಸಿಮಾಡಿ ಮುಗಿಸಿ. ಇಫ್ತಾರಿಗೆಂದು ಅಸರ್ ಹೊತ್ತಿಗೇ ತಂದಿಟ್ಟು, ಉಳಿದದ್ದನ್ನು ಸಹರಿಗೆ ತಿನ್ನುವ ಮನೆಗಳು ಇದನ್ನು ವಿಶೇಷವಾಗಿ ನೆನಪಿಡಲಿ. ಆಹಾರ ಪೋಲು ಮಾಡಬಾರದು ಎಂಬ ಕಾಳಜಿ ಒಳ್ಳೆಯದು. ಅದನ್ನು ಬೇಕಾದಷ್ಟೇ ತರಿಸುವುದರಲ್ಲಿ ತೋರಿಸೋಣ, ಕೆಟ್ಟ ಅನ್ನವನ್ನು ಮಕ್ಕಳ ಹೊಟ್ಟೆಗೆ ಹಾಕುವುದರಲ್ಲಲ್ಲ.

ವಾಂತಿ, ಭೇದಿ ಶುರುವಾದರೆ

ಮೊದಲ ಮದ್ದು ನೀರು ಮತ್ತು ಉಪ್ಪು. ಮೆಡಿಕಲ್ ಶಾಪಿನ ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಬೆರೆಸಿ. ಅದು ಸಿಗದಿದ್ದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ ಸಮತಟ್ಟಾದ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಹಾಕಿ. ಮಗು ವಾಂತಿ ಮಾಡಿದರೆ 10 ನಿಮಿಷ ತಡೆದು ಮತ್ತೆ ಚಮಚದಿಂದ ಸ್ವಲ್ಪಸ್ವಲ್ಪವೇ ಕುಡಿಸಿ. ಎದೆಹಾಲು ನಿಲ್ಲಿಸಬೇಡಿ. ಭೇದಿ ನಿಲ್ಲಿಸುವ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ಮಕ್ಕಳಿಗೆ ಕೊಡಬೇಡಿ.

ಮಗುವಿನ ಕಣ್ಣು ಗುಳಿಬಿದ್ದಿದ್ದರೆ, 6 ಗಂಟೆಯಿಂದ ಮೂತ್ರ ಹೋಗದಿದ್ದರೆ, ಕುಡಿದದ್ದೆಲ್ಲ ಹೊರಗೆ ಬರುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ಜೋರು ಜ್ವರ ಅಥವಾ ಮಂಪರು ಇದ್ದರೆ ಬೆಳಗಾಗಲೆಂದು ಕಾಯಬೇಡಿ. 2022ರ ಮೇ ತಿಂಗಳಲ್ಲಿ ನಮ್ಮ ಗಡಿಯಾಚೆ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮ ತಿಂದು ಹಲವರು ಆಸ್ಪತ್ರೆ ಸೇರಿದರು, ಶಾಲಾ ಬಾಲಕಿಯೊಬ್ಬಳು ತೀರಿಕೊಂಡಳು. ಅಲ್ಲಿ ಕಂಡುಬಂದದ್ದು ಶಿಗೆಲ್ಲಾ ಬ್ಯಾಕ್ಟೀರಿಯಾ. ವಿಷಾಹಾರ ಎಂದರೆ ಒಂದು ರಾತ್ರಿಯ ಹೊಟ್ಟೆನೋವು ಎಂದು ಹಗುರಾಗಿ ತೆಗೆದುಕೊಳ್ಳುವಂತಿಲ್ಲ.

ಹೋಟೆಲಿನದೇ ತಪ್ಪು ಎಂಬುದು ಖಚಿತವಾದರೆ ಜಗಳಕ್ಕೆ ಹೋಗಬೇಡಿ. ಬಿಲ್ ಇಟ್ಟುಕೊಂಡು ನಿಮ್ಮ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಿ. ಅದರಿಂದ ನಿಮ್ಮ ನಂತರ ಅಲ್ಲಿ ಕುಳಿತುಕೊಳ್ಳುವ ಮನೆಯವರಿಗೂ ಒಳ್ಳೆಯದಾಗುತ್ತದೆ.

ನಮ್ಮ ಮನೆಯವರು ಹೊರಗೆ ತಿನ್ನುವುದನ್ನು ಬಿಟ್ಟಿಲ್ಲ. ಅದೇ ಹೋಟೆಲಿಗೆ ಈಗಲೂ ಹೋಗುತ್ತೇವೆ. ತಂಗಿಯ ಮಗನಿಗೆ ಈಗ ಏಳು ವರ್ಷ. ಕಳೆದ ಸಲ ಬಂದಾಗ "ಹಲಾಲ್ ಇದೆಯಾ?" ಎಂದು ನಾನು ಕೇಳಿದೆ. ಅವನು ಮೇಜಿನ ಮೇಲೆ ಮೊಣಕೈ ಊರಿ ಕೇಳಿದ: "ಅಂಕಲ್, ಅನ್ನ ಯಾವಾಗಿನದು?" ಅಡುಗೆಯವರು ನಕ್ಕು ಅವನನ್ನು ಒಳಗೆ ಕರೆದುಕೊಂಡು ಹೋಗಿ ಫ್ರಿಜ್ಜಿನಲ್ಲಿದ್ದ ತಟ್ಟೆ ತೋರಿಸಿದರು. ಮುಂದಿನ ಸಲ ಹೊರಗೆ ಹೋದಾಗ ನೀವೂ ಈ ಎರಡನ್ನೂ ಕೇಳಿ.