ಎಂಟನೇ ತರಗತಿಯ ವಿಜ್ಞಾನದಲ್ಲಿ ರೂಬ್ರಿಕ್ ಬಳಕೆ: ಬೋಧನಾಭ್ಯಾಸದ ಒಂದು ಅನುಭವ

ಪೀಠಿಕೆ

ಬೋಧನಾಭ್ಯಾಸದ ಅವಧಿಯಲ್ಲಿ ಅಳ್ನಾವರದ ಪ್ರೌಢಶಾಲೆಯೊಂದರಲ್ಲಿ ಎಂಟನೇ ತರಗತಿಗೆ 'ಬೆಳೆ ಉತ್ಪಾದನೆ ಮತ್ತು ನಿರ್ವಹಣೆ' ಘಟಕವನ್ನು ಬೋಧಿಸಿದೆ. ತರಗತಿಯಲ್ಲಿ 42 ಮಕ್ಕಳಿದ್ದರು. ಕೆಲವರ ಮನೆಮಾತು ಕನ್ನಡ, ಕೆಲವರದು ಮರಾಠಿ, ಕೆಲವರದು ಉರ್ದು. ಬೀಜಗಳನ್ನು ನೀರಿಗೆ ಹಾಕಿ, ತೇಲುವುದನ್ನೂ ಮುಳುಗುವುದನ್ನೂ ನೋಡುವ ಚಟುವಟಿಕೆಯನ್ನು ರೂಪಣಾತ್ಮಕ ಮೌಲ್ಯಮಾಪನಕ್ಕೆ ಆರಿಸಿಕೊಂಡೆ. ಹಾಳಾದ ಬೀಜ ಒಳಗೆ ಟೊಳ್ಳಾಗಿ ಹಗುರವಾಗಿರುವುದರಿಂದ ತೇಲುತ್ತದೆ. ಭತ್ತ ಬೆಳೆಯುವ ಈ ಭಾಗದ ಮಕ್ಕಳಿಗೆ ಇದು ಹೊಸದಲ್ಲ. "ನಮ್ಮಪ್ಪ ಉಪ್ಪುನೀರಿನಾಗ ಹಾಕಿ ನೋಡ್ತಾನ್ರೀ, ತೇಲಿದ್ದು ಬಿತ್ತಂಗಿಲ್ಲ" ಎಂದು ಒಬ್ಬ ಹುಡುಗಿ ಪಾಠದ ಆರಂಭದಲ್ಲೇ ಹೇಳಿದಳು.

ಮೊದಲ ರೂಬ್ರಿಕ್

ರೂಬ್ರಿಕ್‌ನಲ್ಲಿ ಮೂರು ಭಾಗಗಳಿರಬೇಕೆಂದು ನಾವು ಓದಿದ್ದೇವೆ: ಮಾನದಂಡಗಳು, ಹಂತಗಳು, ಪ್ರತಿ ಹಂತದ ವಿವರಣೆ. ನಾನು ಸಾಮಗ್ರಿ ಸಂಗ್ರಹ, ಅಚ್ಚುಕಟ್ಟುತನ, ಚಿತ್ರ, ವರದಿ ಎಂಬ ನಾಲ್ಕು ಮಾನದಂಡಗಳನ್ನು ಬರೆದೆ. ಪ್ರತಿಯೊಂದಕ್ಕೂ 'ಅತ್ಯುತ್ತಮ, ಉತ್ತಮ, ಸಾಧಾರಣ, ಸುಧಾರಿಸಬೇಕು' ಎಂದು 4ರಿಂದ 1ರವರೆಗೆ ಅಂಕಗಳನ್ನಿಟ್ಟೆ. ಒಟ್ಟು 16 ಅಂಕ.

ಒಬ್ಬ ಹುಡುಗನಿಗೆ 5 ಅಂಕ ಬಂತು. ಅವನ ಮನೆಮಾತು ಉರ್ದು. ವರದಿ ಎರಡೇ ಸಾಲು, ಅದರಲ್ಲೂ ಕಾಗುಣಿತದ ತಪ್ಪುಗಳು, ಚಿತ್ರ ಇರಲಿಲ್ಲ. ಪುಸ್ತಕ ಹಿಂದಿರುಗಿಸುವಾಗ "ಇಷ್ಟೇ ಯಾಕೆ ಬರದಿ?" ಎಂದು ಕೇಳಿದೆ. ಅವನು ಬಾಯಿಮಾತಿನಲ್ಲಿ ಹೇಳಿದ ಸಂಗತಿ ಪುಸ್ತಕದಲ್ಲಿ ಸರಿಯಾಗಿ ಇರಲೇ ಇಲ್ಲ. ತೇಲಿದ ಬೀಜಗಳೆಲ್ಲ ನಿಜವಾಗಿಯೂ ಕೆಟ್ಟವೇ ಎಂಬ ಸಂಶಯ ಅವನಿಗೆ ಬಂದಿತ್ತು. ತೇಲಿದ 10 ಮತ್ತು ಮುಳುಗಿದ 10 ಭತ್ತದ ಕಾಳುಗಳನ್ನು ಬೇರೆ ಬೇರೆ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟಿದ್ದ. ನಾಲ್ಕನೇ ದಿನ ಮುಳುಗಿದವುಗಳಲ್ಲಿ 9, ತೇಲಿದವುಗಳಲ್ಲಿ 2 ಮೊಳೆತಿದ್ದವು. ಪಾಠ ಕೇಳಿದ್ದನ್ನು ತಾನೇ ಪರೀಕ್ಷಿಸಿ ನೋಡಿದ ಮಗುವಿಗೆ ನಾನು 'ಸುಧಾರಿಸಬೇಕು' ಎಂದು ಬರೆದಿದ್ದೆ. ಅದೇ ದಿನ, ಚಟುವಟಿಕೆ ಮಾಡದೆಯೇ ಸುಂದರವಾಗಿ ವರದಿ ನಕಲು ಮಾಡಿದ ಪುಸ್ತಕಕ್ಕೆ 14 ಕೊಟ್ಟಿದ್ದೆ.

ತಪ್ಪು ಎಲ್ಲಿತ್ತು?

ಮಾರ್ಗದರ್ಶಕ ಶಿಕ್ಷಕರು ನನ್ನ ಪಟ್ಟಿ ನೋಡಿ ಒಂದೇ ಪ್ರಶ್ನೆ ಕೇಳಿದರು: "ಇದರಾಗ ವಿಜ್ಞಾನ ಎಲ್ಲೈತಿ?" ಎರಡು ದೋಷಗಳು ಕಂಡವು. ಮೊದಲನೆಯದು, ನಾಲ್ಕೂ ಮಾನದಂಡಗಳು ಪುಸ್ತಕದ ಅಂದವನ್ನು ಅಳೆಯುತ್ತಿದ್ದವು. ಪಾಠ ಯೋಜನೆಯ ಕಲಿಕಾ ಫಲವನ್ನಲ್ಲ. ಎರಡನೆಯದು, 'ಉತ್ತಮ', 'ಸಾಧಾರಣ' ಎಂಬುವು ವಿವರಣೆಗಳಲ್ಲ, ಅಭಿಪ್ರಾಯಗಳು. ಇದನ್ನು ಪರೀಕ್ಷಿಸಲು ನಾನೂ ಒಬ್ಬ ಸಹ ಪ್ರಶಿಕ್ಷಣಾರ್ಥಿಯೂ ಅದೇ 6 ಪುಸ್ತಕಗಳಿಗೆ ಪ್ರತ್ಯೇಕವಾಗಿ ಅಂಕ ಹಾಕಿದೆವು. ನಾಲ್ಕರಲ್ಲಿ 3 ಅಥವಾ ಹೆಚ್ಚು ಅಂಕಗಳ ವ್ಯತ್ಯಾಸ ಬಂತು.

ಎರಡನೆಯ ರೂಬ್ರಿಕ್

ಹೊಸ ಮಾನದಂಡಗಳು: ಪ್ರಶ್ನೆ, ಹೋಲಿಕೆ, ದಾಖಲೆ, ತೀರ್ಮಾನಕ್ಕೆ ಆಧಾರ. ಮಕ್ಕಳ ಜೊತೆ ಮಾತನಾಡಿ, ಅವರಿಗೆ ತಿಳಿಯುವ ಮಾತಿನಲ್ಲೇ ವಿವರಣೆ ಬರೆದೆ. ಉದಾಹರಣೆಗೆ 'ಹೋಲಿಕೆ':

1 – ಒಂದೇ ಗುಂಪಿನ ಬೀಜ ನೋಡಿದ್ದೇನೆ.
2 – ಎರಡು ಗುಂಪು ಇವೆ. ಎಣಿಕೆ, ನೀರು, ಜಾಗ ಇವುಗಳಲ್ಲಿ ಎರಡು ಅಥವಾ ಹೆಚ್ಚು ಬೇರೆ ಇವೆ.
3 – ಎರಡು ಗುಂಪು ಇವೆ. ಇವುಗಳಲ್ಲಿ ಒಂದು ಮಾತ್ರ ಬೇರೆ ಇದೆ.
4 – ಎಲ್ಲವೂ ಒಂದೇ ತರಹ ಇವೆ. ಯಾಕೆ ಹಾಗೆ ಇಟ್ಟೆನೆಂದು ಹೇಳಬಲ್ಲೆ.

ಬರೆಯಲು ಕಷ್ಟಪಡುವ ಮಕ್ಕಳು ಬಾಯಿಮಾತಿನಲ್ಲಿ, ಬೇಕಾದರೆ ಮನೆಮಾತಿನಲ್ಲಿ ವಿವರಿಸಬಹುದೆಂದು ತಿಳಿಸಿದೆ. ಮನೆಮಾತು ನನಗೆ ತಿಳಿಯದಿದ್ದಾಗ ಅದೇ ಗುಂಪಿನ ಮತ್ತೊಂದು ಮಗು ಕನ್ನಡದಲ್ಲಿ ಹೇಳಿತು. ಹಾಗೆಂದು ಬರವಣಿಗೆಯನ್ನು ಕೈಬಿಡಲಿಲ್ಲ. ಅದರ ಬಗ್ಗೆ ಬೇರೆ ಟಿಪ್ಪಣಿ ಬರೆದು ಕನ್ನಡ ಶಿಕ್ಷಕರಿಗೆ ಕೊಟ್ಟೆ. ವಿಜ್ಞಾನದ ಅಂಕದಲ್ಲಿ ಬೆರೆಸಲಿಲ್ಲ.

ಈ ಬಾರಿ ಆ ಹುಡುಗನಿಗೆ 12 ಬಂತು: ಪ್ರಶ್ನೆ 4, ಹೋಲಿಕೆ 3, ದಾಖಲೆ 2, ಆಧಾರ 3. ಹೋಲಿಕೆಯಲ್ಲಿ 3 ಏಕೆಂದರೆ ಒಂದು ಗಂಟನ್ನು ಒಲೆಯ ಹತ್ತಿರ, ಇನ್ನೊಂದನ್ನು ಕಿಟಕಿಯಲ್ಲಿ ಇಟ್ಟಿದ್ದ. ನಾವಿಬ್ಬರು ಮತ್ತೆ ಅದೇ 6 ಪುಸ್ತಕಗಳನ್ನು ನೋಡಿದಾಗ 3 ಅಂಕಗಳ ವ್ಯತ್ಯಾಸ ಒಂದರಲ್ಲಿ ಮಾತ್ರ ಉಳಿಯಿತು.

ಮಿತಿಗಳು

40 ನಿಮಿಷದ ಅವಧಿಯಲ್ಲಿ 42 ಮಕ್ಕಳನ್ನು ಹೀಗೆ ಗಮನಿಸಲಾಗದು. ದಿನಕ್ಕೆ 7 ಮಕ್ಕಳಂತೆ ಆರು ದಿನ ಹಿಡಿಯಿತು. ಎಲ್ಲ ಚಟುವಟಿಕೆಗಳಿಗೂ ಇದು ಸಾಧ್ಯವಿಲ್ಲ. ಸರಳ ಕೌಶಲಗಳಿಗೆ ತಪಶೀಲು ಪಟ್ಟಿಯೇ ಸಾಕು. ಕೆಲವು ಮಕ್ಕಳು ವಿವರಣೆ ಓದದೆ ಅಂಕವನ್ನಷ್ಟೇ ನೋಡಿದರು. ನಾವು ಮೊದಲೇ ಯೋಚಿಸದ್ದನ್ನು ಮಗು ಮಾಡಿದರೆ ಯಾವ ರೂಬ್ರಿಕ್‌ನಲ್ಲೂ ಅದಕ್ಕೆ ಜಾಗವಿರುವುದಿಲ್ಲ. ಅದಕ್ಕಾಗಿ ಕೊನೆಯಲ್ಲಿ ಒಂದು ಖಾಲಿ ಸಾಲು ಬಿಟ್ಟಿದ್ದೇನೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ

2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಮಗುವಿನ ತಿಳಿವಳಿಕೆಯನ್ನೂ ಅದನ್ನು ಅನ್ವಯಿಸುವ ಸಾಮರ್ಥ್ಯವನ್ನೂ ವ್ಯಾಪಕವಾಗಿ, ನಿರಂತರವಾಗಿ ಮೌಲ್ಯಮಾಪನ ಮಾಡಬೇಕೆನ್ನುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸ್ವಮೌಲ್ಯಮಾಪನ ಮತ್ತು ಸಹಪಾಠಿಗಳ ಮೌಲ್ಯಮಾಪನವನ್ನೂ ಪ್ರಗತಿ ಪತ್ರದಲ್ಲಿ ಸೇರಿಸಲು ಹೇಳುತ್ತದೆ. ಇವೆರಡಕ್ಕೂ ರೂಬ್ರಿಕ್ ನೆರವಾಗಬಲ್ಲದು. ಆದರೆ ದಾಖಲೆಗಾಗಿ ಮಾತ್ರ ತುಂಬಿದರೆ ಅದು ನಮ್ಮ ಪೂರ್ವಗ್ರಹಕ್ಕೆ ಅಂಕದ ರೂಪ ಕೊಡುತ್ತದೆ. ಅಂತಿಮಗೊಳಿಸುವ ಮೊದಲು ಮೂರು ಪುಸ್ತಕಗಳಿಗೆ ಅದನ್ನು ಅನ್ವಯಿಸಿ ನೋಡಿ. ಕಡಿಮೆ ಅಂಕ ಬಂದ ಒಂದು ಮಗುವಿನ ಜೊತೆ ಐದು ನಿಮಿಷ ಮಾತನಾಡಿ.

ನನ್ನ ಬೋಧನಾಭ್ಯಾಸದ ಕೊನೆಯ ವಾರ ಆ ಹುಡುಗ ಎರಡು ಹೊಸ ಗಂಟುಗಳನ್ನು ತಂದು ತೋರಿಸಿದ. "ಸರ್, ಈ ಸಲ ಎರಡೂ ಕಿಟಕ್ಯಾಗ ಇಟ್ಟೇನ್ರೀ" ಎಂದ.