ಬನ್ನಿಯ ಕಾಯಿ ಹಿಡಿದು ಒಂದು ವಿಜ್ಞಾನ ಪಾಠ

ದೇವಸುಗೂರಿನ ಶಾಲೆಯೊಂದರ ಏಳನೇ ತರಗತಿಗೆ ಜೂನ್ ಕೊನೆಯಲ್ಲಿ ನಾನು ಕೊಟ್ಟ ಅಭ್ಯಾಸ ಪಾಠದ ಕಲಿಕಾಂಶ ಬೇಳೆಕಾಳಿನ ಕುಟುಂಬದ ಕಾಯಿ. (ಇದನ್ನು 'ದ್ವಿದಳ' ಎಂದಷ್ಟೇ ಹೇಳಿದರೆ ಹತ್ತಿ, ಬೇವು ಎಲ್ಲವೂ ಒಳಗೆ ಬರುತ್ತವೆ.) ಇಂಥ ಪಾಠಕ್ಕೆ ಬಟಾಣಿಯ ಚಿತ್ರ ಬರೆಯುವುದು ರೂಢಿ. ತೊಗರಿ ಬೆಳೆಯುವ ಸೀಮೆಯಲ್ಲಿ ಬಟಾಣಿ ಏಕೆ? ಒಲೆಗೆಂದು ಕಟ್ಟಿಟ್ಟ ತೊಗರಿ ಕಟ್ಟಿಗೆಯಲ್ಲಿ ಉಳಿದಿದ್ದ ಒಣ ಕಾಯಿ, ಒಂದಿಷ್ಟು ಶೇಂಗಾ, ಬನ್ನಿ ಮರದ ಬುಡದಲ್ಲಿ ಆಯ್ದ ಕಾಯಿ ನನ್ನ ಪಾಠೋಪಕರಣಗಳಾದವು.

ಬನ್ನಿಯ ಎಲೆ ಎಲ್ಲರಿಗೂ ಗೊತ್ತು. ದಸರೆಯಲ್ಲಿ 'ಬಂಗಾರ' ಎಂದು ಹಂಚುತ್ತಾರೆ. ಕಾಯಿಯನ್ನು ಗುರುತಿಸಿದವರು ಆಡು ಸಾಕಿದ ಮನೆಯ ಇಬ್ಬರೇ. ಹೊಳೆಯಾಚೆ ತೆಲಂಗಾಣದಲ್ಲಿ ನೆಂಟರಿರುವ ಹುಡುಗಿ "ಇದು ಜಮ್ಮಿ ರೀ ಸರ" ಎಂದಳು. ಆ ರಾಜ್ಯದ ರಾಜ್ಯವೃಕ್ಷ ಅದೇ. ಇನ್ನೊಬ್ಬ ಬಳ್ಳಾರಿ ಜಾಲಿ ಎಂದ. ಅದು ಅಮೆರಿಕ ಖಂಡದಿಂದ ಬಂದ ಹತ್ತಿರದ ಸಂಬಂಧಿ. ಎರಡರ ಟೊಂಗೆಯನ್ನೂ ತಂದಿದ್ದೆ: ಜಾಲಿಯ ಮುಳ್ಳು ಎಲೆ ಹುಟ್ಟುವ ಗೆಣ್ಣಿನಲ್ಲಿರುತ್ತದೆ, ಬನ್ನಿಯ ಗಿಡ್ಡ ಮುಳ್ಳು ಗೆಣ್ಣುಗಳ ನಡುವೆ. ಮಕ್ಕಳೇ ನೋಡಿ ಹೇಳಿದರು.

ನಂತರ ಗುಂಪುಗಳಲ್ಲಿ ಕಾಯಿ ಬಿಡಿಸಿದರು. ತೊಗರಿ ಅಂಚಿನಲ್ಲಿ ಸೀಳಿ ಎರಡು ಹೋಳಾಗುತ್ತದೆ, ಬೀಜಗಳು ಒಂದೇ ಅಂಚಿಗೆ ಅಂಟಿರುತ್ತವೆ. ಬನ್ನಿಯ ಕಾಯಿ ತಾನಾಗಿ ಸೀಳುವುದಿಲ್ಲ. ಹಿಂದಿನ ರಾತ್ರಿ ನೆನೆಹಾಕಿದ್ದರಿಂದ ಬೆರಳಿನಲ್ಲೇ ಬಿಡಿಸಲು ಬಂತು. ತಿರುಳಿನೊಳಗೆ ಬೀಜಗಳು ಒಂದೇ ಸಾಲು.

"ತೊಗರಿ ಮನೆತನದ್ದಾದ್ರ ಇದನ್ನ ತಿನ್ನಬೌದೇನ್ರೀ ಸರ?" ಎಂಬ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು. ರಾಜಸ್ಥಾನದಲ್ಲಿ ಈ ಮರಕ್ಕೆ ಖೇಜಡಿ ಎನ್ನುತ್ತಾರೆ. ಎಳೆಯ ಕಾಯಿ ಸಾಂಗ್ರಿ. ಒಣಗಿಸಿಟ್ಟು ವರ್ಷವಿಡೀ ಪಲ್ಯ ಮಾಡುತ್ತಾರೆ, ಬರಗಾಲದಲ್ಲಿ ಅದೇ ಆಸರೆಯಾಗಿತ್ತು. ಇಷ್ಟು ಹೇಳಿ, ಮುಚ್ಚಿದ ಗಾಜಿನ ಸೀಸೆಯಲ್ಲಿದ್ದ ಗುಲಗಂಜಿ ತೋರಿಸಿದೆ. ಅದೂ ಇದೇ ಕುಟುಂಬ, ಅದಕ್ಕೂ ಇಂಥದೇ ಕಾಯಿ. ಕೆಂಪು ಬೀಜವನ್ನು ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ತರಗತಿ ಸುಮ್ಮನಾಯಿತು. ಬೇಲಿಯಲ್ಲಿ ಅದನ್ನು ಕಿತ್ತು ಆಡಿದವರು ಅಲ್ಲಿ ಇದ್ದರು.

ಈ ಪಾಠ ಮಾಡುವವರು ಗುಲಗಂಜಿಯನ್ನು ಬಿಡಬಾರದು, ಮಕ್ಕಳ ಕೈಗೂ ಕೊಡಬಾರದು. ಮೌಲ್ಯಮಾಪನದಲ್ಲಿ ಅಪರಿಚಿತ ಕಾಯಿಯೊಂದರ ಚಿತ್ರ ಕೊಟ್ಟು 'ಇದು ಈ ಕುಟುಂಬದ್ದೇ?', 'ತಿನ್ನಬಹುದೇ?' ಎಂದು ಎರಡು ಬೇರೆ ಪ್ರಶ್ನೆ ಕೇಳಿದೆ. ಎರಡನೆಯದಕ್ಕೆ ನಾಲ್ವರು 'ಗೊತ್ತಿದ್ದವರನ್ನು ಕೇಳಬೇಕು' ಎಂದು ಬರೆದಿದ್ದರು. ಪೂರ್ಣ ಅಂಕ ಕೊಟ್ಟೆ.